ಕಾಯುವ ಬೆಂಕಿ

ಮೂರನೇ ಬೆಂಕಿಕಡ್ಡಿಯೂ ಆರಿದಾಗ ಅಕ್ಕನ ಮಗ ಕೆರೆಯ ಕಡೆಗೆ ಮುಖ ತಿರುಗಿಸಿಕೊಂಡು ನಕ್ಕ. ಸಾಗರ ಸೀಮೆಯ ಆಷಾಢದ ಮಳೆಯಲ್ಲಿ ಹಸಿ ಸೌದೆ ಒಟ್ಟಿ ಬಚ್ಚಲೊಲೆ ಹೊತ್ತಿಸುತ್ತ ಬೆಳೆದವನು ನಾನು. ಊದುಗೊಳವೆ ಹಿಡಿದರೆ ಕಲ್ಲಿಗೂ ಬೆಂಕಿ ಹತ್ತಿಸುತ್ತೇನೆ ಎಂದು ರೈಲಿನಲ್ಲಿ ಅವನ ಮುಂದೆ ಜಂಬ ಕೊಚ್ಚಿದ್ದೆ. ಈಗ ಫಿನ್ಲೆಂಡಿನ ಉತ್ತರದ ತುದಿಯಲ್ಲಿ, ಇನಾರಿಯ ಕಾಡಿನಲ್ಲಿ, ನನ್ನೆದುರಿಗೆ ಹೊಗೆ ಮಾತ್ರ ಇತ್ತು.

“ಮಾವ, ಇದು ನಮ್ಮನೆ ಬಚ್ಚಲಲ್ಲ. ಅವರಿಗೆ ಬಿಡಿ,” ಎಂದ.

ಅವರು ಎಂದರೆ ನಮಗೆ ದಾರಿ ತೋರಿಸಲು ಬಂದಿದ್ದ ಹಿರಿಯರು. ಎಪ್ಪತ್ತರ ಆಸುಪಾಸಿನ ಸಾಮಿ ಜನಾಂಗದವರು, ಮಾತು ಬಹಳ ಕಡಿಮೆ. ನಾನು ಒಟ್ಟಿದ್ದ ಕುಂಟೆಗಳನ್ನೆಲ್ಲ ಒಂದೂ ಮಾತಾಡದೆ ಬದಿಗಿಟ್ಟರು. ಸೌದೆ ಕೊಟ್ಟಿಗೆಯಿಂದ ಒಣಗಿದ ಪೈನ್ ತುಂಡೊಂದನ್ನು ತಂದು, ಸೊಂಟದ ಚಾಕುವಿನಿಂದ ಅದರ ಒಂದೇ ಮೈಯನ್ನು ಮೇಲಿನಿಂದ ಕೆಳಕ್ಕೆ ಹೆರೆಯತೊಡಗಿದರು. ಹೆರೆದ ಚಕ್ಕೆ ಕಳಚಿ ಬೀಳಬಾರದು, ಬುಡದಲ್ಲಿ ಅಂಟಿಕೊಂಡೇ ಸುರುಳಿಯಾಗಬೇಕು. ಹತ್ತು ನಿಮಿಷದಲ್ಲಿ ಆ ತುಂಡು ಕೋಳಿಪುಕ್ಕದ ಹಾಗೆ ಉಬ್ಬಿ ನಿಂತಿತು. ಇದಕ್ಕೆ ‘ಕಿಯೆಹಿನೆನ್’ ಎಂಬ ಹೆಸರಿದೆ. ಅದರಡಿಗೆ ಸೀಳಿದ ಬರ್ಚ್ ಸೌದೆಯಿಂದ ಎಬ್ಬಿಸಿದ ಒಂದು ಪಟ್ಟಿ ತೊಗಟೆ. ನಿಂತ ಮರದ ತೊಗಟೆಯನ್ನು ಯಾರೂ ಮುಟ್ಟುವಂತಿಲ್ಲ. ಪಕ್ಕದಲ್ಲಿ ‘ತೆರ್ವಸ್’, ಎಂದರೆ ರಾಳ ತುಂಬಿ ಜೇನಿನ ಬಣ್ಣಕ್ಕೆ ತಿರುಗಿದ ಪೈನ್ ಮರದ ತಿರುಳು. ಒಂದೇ ಕಡ್ಡಿ ಗೀರಿದರು. ಬರ್ಚ್ ತೊಗಟೆ ಎಣ್ಣೆ ಹಾಕಿದ ಬತ್ತಿಯಂತೆ ಕಪ್ಪು ಹೊಗೆ ಬಿಡುತ್ತ ಚಟಚಟನೆ ಹತ್ತಿಕೊಂಡಿತು.

“ನುವೊತಿಯೊ,” ಎಂದರು, ಬೆಂಕಿಯನ್ನು ನಮಗೆ ಪರಿಚಯ ಮಾಡಿಕೊಡುವವರ ಹಾಗೆ.

ಹೆಲ್ಸಿಂಕಿಯಲ್ಲಿ ಕೆಲಸ ಮಾಡುವ ಅಕ್ಕನ ಮಗ ಸೆಪ್ಟೆಂಬರಿನಲ್ಲೇ ಬರಬೇಕೆಂದು ಹಟ ಹಿಡಿದಿದ್ದ. ಉತ್ತರದ ಕಾಡೆಲ್ಲ ಕೆಂಪು ಹಳದಿಗೆ ತಿರುಗುವ ಆ ಎರಡು ವಾರಗಳನ್ನು ಅಲ್ಲಿನವರು ‘ರುಸ್ಕ’ ಎನ್ನುತ್ತಾರೆ. ಹೆಲ್ಸಿಂಕಿಯಿಂದ ರಾತ್ರಿ ರೈಲು ಹತ್ತಿ ಬೆಳಿಗ್ಗೆ ರೊವಾನಿಯೆಮಿಯಲ್ಲಿ ಇಳಿದೆವು. ಆರ್ಕ್ಟಿಕ್ ವೃತ್ತಕ್ಕೆ ತಗುಲಿಕೊಂಡಿರುವ ಈ ಪಟ್ಟಣ ಈಗ ಸಾಂತಾಕ್ಲಾಸ್‌ನ ಊರೆಂದು ಹೆಸರುವಾಸಿ. ನನ್ನ ಮನಸ್ಸು ಮಾತ್ರ ಆ ಅಂಗಡಿಗಳಿಗೆ ಹೋಗಲಿಲ್ಲ. 1944ರ ಅಕ್ಟೋಬರಿನಲ್ಲಿ ಜರ್ಮನ್ ಸೇನೆ ಹಿಮ್ಮೆಟ್ಟುತ್ತಿದ್ದ ಕಾಲದಲ್ಲಿ ಈ ಊರು ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಆಮೇಲೆ ಅದನ್ನು ಮತ್ತೆ ಕಟ್ಟುವ ನಕ್ಷೆ ಬರೆದವರು ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ. ಬೀದಿಗಳನ್ನು ಹಿಮಸಾರಂಗದ ಕೊಂಬಿನ ಆಕಾರಕ್ಕೆ ಹೊಂದಿಸಿದರು. ಊರಿನ ಹೆಸರಿನಲ್ಲಿರುವ ‘ರೊವ’ ಎಂಬುದು ಹಿಂದೆಂದೋ ಕಾಡ್ಗಿಚ್ಚು ಹಾದುಹೋದ ದಿಬ್ಬವನ್ನು ಹೇಳುವ ಸಾಮಿ ಪದದಿಂದ ಬಂದಿರಬೇಕು ಎನ್ನುತ್ತಾರೆ. ಹಾಗಿದ್ದರೆ ಸುಡುವ ಮೊದಲೇ ಆ ಊರು ಸುಟ್ಟ ಹೆಸರನ್ನು ಹೊತ್ತಿತ್ತು.

ಅಲ್ಲಿಂದ ಇನಾರಿಗೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಮೇಲೆ. ದಾರಿಯಲ್ಲಿ ಮನುಷ್ಯರಿಗಿಂತ ಹಿಮಸಾರಂಗಗಳೇ ಹೆಚ್ಚು ಎದುರಾದವು, ನಮ್ಮೂರಿನ ದನಗಳ ಹಾಗೆ ರಸ್ತೆಯ ಮಧ್ಯವೇ ನಿಂತು. ಇನಾರಿಯ ಪಂಚಾಯ್ತಿಗೆ ನಾಲ್ಕು ಅಧಿಕೃತ ಭಾಷೆಗಳು: ಫಿನ್ನಿಶ್, ಉತ್ತರ ಸಾಮಿ, ಇನಾರಿ ಸಾಮಿ, ಸ್ಕೋಲ್ಟ್ ಸಾಮಿ. ಬೆಂಕಿಗೆ ಫಿನ್ನಿಶ್‌ನಲ್ಲಿ ‘ತುಲಿ’, ಉತ್ತರ ಸಾಮಿಯಲ್ಲಿ ‘ದೊಲ್ಲಾ’, ಸ್ಕೋಲ್ಟ್‌ನಲ್ಲಿ ‘ತೊಲ್’. ಒಂದೇ ಬೇರಿನ ಪದಗಳೆಂದು ಕಿವಿಗೇ ಗೊತ್ತಾಗುತ್ತದೆ, ನಮ್ಮ ಹಾಲು–ಪಾಲುಗಳ ಹಾಗೆ.

ಮರುದಿನ ಪಿಯೆಲ್ಪಯಾರ್ವಿಯ ಕಾಡು ಚರ್ಚಿಗೆ ನಡೆದೆವು. 1760ರಲ್ಲಿ ಕಟ್ಟಿ ಮುಗಿಸಿದ ಮರದ ಚರ್ಚು ಅದು. ಇಂದಿಗೂ ಅದಕ್ಕೆ ರಸ್ತೆಯಿಲ್ಲ. ಬಂಡೆ, ಬೇರುಗಳ ಮೇಲೆ ನಾಲ್ಕೈದು ಕಿಲೋಮೀಟರ್ ಕಾಲ್ದಾರಿ. ಚರ್ಚಿನ ಬಗ್ಗೆ ಬರೆಯಲು ನನಗೆ ಹೆಚ್ಚೇನಿಲ್ಲ. ಮರಳುವಾಗ ನೀರಿನಂಚಿನಲ್ಲಿ ‘ಲಾವು’ ಸಿಕ್ಕಿತು. ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದ, ಇಳಿಜಾರು ಮಾಡಿನ ಗುಡಿಸಲು. ತೆರೆದ ಕಡೆಗೆ ಕಲ್ಲು ಸುತ್ತಿದ ಬೆಂಕಿಯ ಜಾಗ. ನನ್ನ ಮೂರು ಕಡ್ಡಿಗಳು ವ್ಯರ್ಥವಾದದ್ದು ಅಲ್ಲೇ.

ನುವೊತಿಯೊ ಎಂದರೆ ಕ್ಯಾಂಪ್‌ಫೈರ್ ತಾನೇ ಎಂದು ಕೇಳಿದೆ. ಹಿರಿಯರು ಹೂಂ ಎನ್ನಲೂ ಇಲ್ಲ, ಉಹುಂ ಎನ್ನಲೂ ಇಲ್ಲ. ಬೆಂಕಿ ಯಾವ ಕೆಲಸ ಮಾಡುತ್ತಿದೆ ನೋಡಿ ಹೆಸರು ಹೇಳಬೇಕು ಎಂದರು. ಕಾಫಿ ಕುದಿಸುತ್ತ ಸುತ್ತ ಕೂರುವುದು ನುವೊತಿಯೊ. ಜೂನ್ ಕೊನೆಯ ಯುಹನ್ನುಸ್ ಹಬ್ಬದಲ್ಲಿ ಕೆರೆಯ ದಡದಲ್ಲಿ ಮನೆಯೆತ್ತರ ಒಟ್ಟಿ ಹಚ್ಚುವುದು ‘ಕೊಕ್ಕೊ’. ಮನುಷ್ಯರನ್ನು ಸುಟ್ಟ ಹಳೆಯ ಚಿತೆ ‘ರೊವಿಯೊ’. ಕಾಡಿನಲ್ಲಿ ತಪ್ಪಿಸಿಕೊಂಡು ಓಡುವುದು ‘ಕುಲೊ’. ನಮಗೆ ಕಿಚ್ಚು, ಉರಿ, ಕೆಂಡ, ಕೊಳ್ಳಿ ಇರುವಂತೆ ಅವರಿಗೂ ಕೆಂಡದ ಹಾಸಿಗೆಗೊಂದು, ಉರಿವ ಕೊಳ್ಳಿಗೊಂದು ಹೆಸರು.

ಎಲ್ಲಕ್ಕಿಂತ ನನ್ನನ್ನು ಹಿಡಿದದ್ದು ‘ರಕೊವಲ್ಕೆಯ’. ರಕೊ ಎಂದರೆ ಸಂದು, ವಲ್ಕೆಯ ಎಂದರೆ ಬಿಳುಪು, ಬೆಂಕಿಗೂ ಅದೇ ಮಾತು. ನಿಂತಲ್ಲೇ ಸತ್ತು, ತೊಗಟೆ ಕಳಚಿ, ಬೆಳ್ಳಿಯ ಬಣ್ಣಕ್ಕೆ ಒಣಗಿದ ಪೈನ್ ಮರದ ಎರಡು ಉದ್ದನೆಯ ದಿಮ್ಮಿಗಳು ಬೇಕು. ಒಂದರ ಮೇಲೊಂದು ಇಟ್ಟು, ಉರುಳದಂತೆ ಗೂಟ ಕೊಟ್ಟು, ನಡುವೆ ಬೆರಳು ತೂರುವಷ್ಟು ಸಂದು ಬಿಡುತ್ತಾರೆ. ಆ ಸಂದಿನ ಉದ್ದಕ್ಕೂ ಬೆಂಕಿ. ಕೆಳಗಿನದು ಮೇಲಿನದನ್ನು ಸುಡುತ್ತದೆ, ಮೇಲಿನದು ಕೆಳಗಿನದನ್ನು. ದೊಡ್ಡ ಜ್ವಾಲೆ ಏಳುವುದಿಲ್ಲ, ಸೌದೆ ನೂಕುತ್ತ ಕೂರಬೇಕಾಗಿಲ್ಲ, ಬೆಳಗಿನವರೆಗೆ ಉರಿಯುತ್ತದೆ. ಲಾವುವಿನಲ್ಲಿ ಮಲಗಿದವನ ತಲೆಯಿಂದ ಕಾಲಿನವರೆಗೆ ಸಮನಾಗಿ ಶಾಖ ತಾಗುತ್ತದೆ. ಮರ ಕಡಿಯುವವರು, ಬೇಟೆಗಾರರು ಚಳಿಗಾಲದ ರಾತ್ರಿಗಳನ್ನು ಹೀಗೆ ಕಳೆದರು. ಈಗ ಅಂಥ ಮರಗಳನ್ನು ಕಂಡಕಂಡಲ್ಲಿ ಕಡಿಯಲು ಬಿಡುವುದಿಲ್ಲ. ಹಿರಿಯರು ಎರಡು ಸೌದೆ ತುಂಡುಗಳನ್ನು ಒಂದರ ಮೇಲೊಂದಿಟ್ಟು ತೋರಿಸಿ, ಆಮೇಲೆ ಎರಡನ್ನೂ ಬೆಂಕಿಗೆ ಹಾಕಿದರು.

ಫಿನ್ಲೆಂಡಿನ ಸೈನ್ಯದಲ್ಲಿ ಡೇರೆಯೊಳಗಿನ ಒಲೆಯನ್ನು ಇರುಳೆಲ್ಲ ನೋಡಿಕೊಳ್ಳುವ ಸರದಿ ಇರುತ್ತದೆಯಂತೆ. ಒಲೆ ಆರಬಾರದು, ಡೇರೆಗೂ ಹತ್ತಬಾರದು. ಆ ಸರದಿಯವನಿಗೆ ‘ಕಿಪಿನ್ಯಾಮಿಕ್ಕೊ’ ಎನ್ನುತ್ತಾರೆ, ಕನ್ನಡದಲ್ಲಾದರೆ ಕಿಡಿಮಿಕ್ಕೊ. ಮಿಕ್ಕೊ ಅಲ್ಲಿ ನಮ್ಮ ರಾಮ, ಕೃಷ್ಣನಷ್ಟು ಸಾಮಾನ್ಯ ಹೆಸರು.

ಲಾವುವಿನಲ್ಲಿ ಆಗಲೇ ಜರ್ಮನ್ ದಂಪತಿ ಕೂತಿದ್ದರು. ಅವರ ಮಾತಿನಲ್ಲಿ ಇದು ‘ಲಾಗರ್‌ಫೊಯರ್’, ಬಿಡಾರದ ಬೆಂಕಿ. ಇಂಗ್ಲಿಷಿನ ಕ್ಯಾಂಪ್‌ಫೈರ್, ಸ್ವೀಡಿಶ್‌ನ ‘ಲೇಗೆರ್‌ಎಲ್ಡ್’, ಡಚ್ಚರ ‘ಕಾಂಪ್‌ವ್ಯೂರ್’ ಎಲ್ಲ ಅದೇ ಅಚ್ಚಿನವು. ಕ್ಯಾಂಪ್ ಎಂಬುದು ಲ್ಯಾಟಿನ್‌ನ ‘ಕಾಂಪುಸ್’ ಎಂಬ ಬಯಲಿನಿಂದ ಹೊರಟು, ದಂಡು ಇಳಿದ ಜಾಗವಾಗಿ, ಕೊನೆಗೆ ರಜೆಯ ಡೇರೆಗೆ ಬಂದು ನಿಂತಿದೆ. ಮನೆ ಬಿಟ್ಟು ಬಂದವರ ಪದ ಅದು. ಸ್ಪ್ಯಾನಿಶ್ ಇದಕ್ಕೆ ತದ್ವಿರುದ್ಧ. ಅಲ್ಲಿ ದೊಡ್ಡ ಬೆಂಕಿಗೆ ‘ಓಗೆರ’, ಮನೆಗೆ ‘ಓಗಾರ್’, ಎರಡೂ ಒಲೆಯೆಂಬ ಅರ್ಥದ ಲ್ಯಾಟಿನ್ ‘ಫೋಕುಸ್’ನ ಮಕ್ಕಳು. ಕ್ಯಾಮೆರಾದ ಫೋಕಸ್ ಕೂಡ ಆ ಒಲೆಯಿಂದಲೇ ಬಂದದ್ದು. ಇಂಗ್ಲಿಷಿನ ಬಾನ್‌ಫೈರ್‌ನಲ್ಲಿ ಇರುವುದು ಮೂಳೆ. ಮೂಳೆ ಒಟ್ಟಿ ಸುಡುತ್ತಿದ್ದ ಬೆಂಕಿ ಅದು. ಐಸ್‌ಲ್ಯಾಂಡಿನವರ ‘ವರ್ದೆಲ್ದುರ್’ ಎಂದರೆ ಕಾವಲಿನ ಬೆಂಕಿ.

ಇಷ್ಟು ಹೊತ್ತಿಗೆ ಹಿರಿಯರು ನನ್ನ ಕಡೆ ತಿರುಗಿ, ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದರು.

ಬಾಯಿ ತೆರೆದೆ, ಪದ ಬರಲಿಲ್ಲ. ಹೋಂಸ್ಟೇಗಳ ಫಲಕದಲ್ಲಿ ಕ್ಯಾಂಪ್‌ಫೈರ್ ಎಂದೇ ಬರೆದಿರುತ್ತದೆ. ಸ್ಕೌಟ್‌ನಲ್ಲಿದ್ದಾಗ ಶಿಬಿರಾಗ್ನಿ ಎನ್ನುತ್ತಿದ್ದೆವು. ಆ ಪದ ಶಿಬಿರ ಮುಗಿದ ಮೇಲೆ ಮನೆಗೆ ಬರಲೇ ಇಲ್ಲ. ಅಗ್ಗಿಷ್ಟಿಕೆ ಚಂದದ ಮಾತು, ಆದರೆ ಅದು ಬಾಣಂತಿಯ ಕೋಣೆಗೆ, ಮುದುಕರ ಮಂಚದ ಕೆಳಗೆ. ಬಯಲಲ್ಲಿ ಸುತ್ತ ಕೂರುವ ಬೆಂಕಿಗೆ ನಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು? ನೆನೆಸಿ ನೆನೆಸಿ ಕೊನೆಗೆ ನಾಲಗೆಗೆ ಬಂದದ್ದು ಹೆಸರಲ್ಲ, ಕ್ರಿಯೆ. ಚಳಿ ಕಾಯಿಸೋದು. “ಬಾರೋ, ಚಳಿ ಕಾಯ್ಸು” ಎಂದು ಅಂಗಳದ ಮೂಲೆಯಿಂದ ಅಜ್ಜ ಕರೆಯುತ್ತಿದ್ದ. ದರಕು, ಪುರಲೆ, ಒಂದು ಕುಂಟೆ. ಬೆಂಕಿಗೆ ಬೇರೆ ಹೆಸರೇ ಬೇಕಿರಲಿಲ್ಲ.

ಇದನ್ನು ವಿವರಿಸುವಾಗಲೇ ಇನ್ನೊಂದು ಹೊಳೆಯಿತು. ಭತ್ತಕ್ಕೆ ಹಂದಿ ಬೀಳುವ ಕಾಲದಲ್ಲಿ ಗದ್ದೆಯ ಮಾಳಕ್ಕೆ ಹೋಗುತ್ತಿದ್ದರಲ್ಲ, ಅದಕ್ಕೆ ಗದ್ದೆ ಕಾಯೋದು ಎನ್ನುತ್ತಿದ್ದೆವು. ಅಲ್ಲಿಯೂ ರಾತ್ರಿಯಿಡೀ ಒಂದು ಬೆಂಕಿ. ಗದ್ದೆ ಕಾಯಲು ಹೋದವರು ಮೈ ಕಾಯಿಸಿಕೊಳ್ಳುತ್ತಿದ್ದರು, ನೀರೂ ಕಾಯುತ್ತಿತ್ತು. ನಿಘಂಟಿನವರನ್ನು ಕೇಳಿದರೆ ಬಿಸಿಯಾಗುವ ಕಾಯು ಬೇರೆ, ರಕ್ಷಿಸುವ ಕಾಯು ಬೇರೆ ಎಂದಾರು. ಮಾಳದ ಮೇಲೆ ಕೂತವರಿಗೆ ಎರಡೂ ಒಂದೇ ಬೆಂಕಿಯ ಕೆಲಸ. ಐಸ್‌ಲ್ಯಾಂಡಿನವರು ಎರಡು ಪದ ಜೋಡಿಸಿ ಹೇಳಿದ್ದನ್ನು ಕನ್ನಡ ಎರಡೇ ಅಕ್ಷರದಲ್ಲಿ ಹೇಳುತ್ತದೆ.

ಅಕ್ಕನ ಮಗ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಲು ಒದ್ದಾಡಿದ. ಹಿರಿಯರಿಗೆ ಅರ್ಥವಾಯಿತು ಅನ್ನಿಸುತ್ತದೆ. ತಮ್ಮ ಮಾತಿನಲ್ಲೂ ಕ್ರಿಯೆಯೇ ಇದೆ ಎಂದರು: ‘ದೊಲಸ್ತಲ್ಲತ್’. ಬೆಂಕಿ ಹಾಕಿಕೊಂಡು ಅದರ ಜೊತೆ ಒಂದಷ್ಟು ಹೊತ್ತು ಇರುವುದು. ಅದಕ್ಕೆ ಹೊರಗಿನವರ ಒಂದು ಹೆಸರು ಅಂಟಿಸಿದರೆ ಕೂರುವುದು, ಕಾಫಿ, ಸುಮ್ಮನಿರುವುದು ಎಲ್ಲ ಬಿಟ್ಟುಹೋಗಿ ಸೌದೆ ಮಾತ್ರ ಉಳಿಯುತ್ತದೆ. ಈ ಕೊನೆಯ ವಾಕ್ಯ ಅವರದಲ್ಲ, ನನ್ನದು.

ಸಾಮಿಗಳ ಡೇರೆಯ ನಟ್ಟನಡುವಿನ ಒಲೆಗೆ ‘ಆರ್ರನ್’ ಎಂದು ಹೆಸರು. ಹೆರಿಗೆ ಕಾಯುವ ಸಾರಾಹ್ಕಾ ಎಂಬ ದೇವತೆ ಅದರ ಕೆಳಗೇ ಇರುತ್ತಾಳೆ ಎಂದು ಹಳಬರು ನಂಬಿದ್ದರು. ಕುಡಿಯುವುದರಲ್ಲಿ, ಉಣ್ಣುವುದರಲ್ಲಿ ಅವಳಿಗೂ ಒಂದು ಪಾಲು. ಒಲೆಯ ಹಿಂದಿನ ‘ಬೊಆಶ್ಶು’ ಎಂಬ ಜಾಗ ಪವಿತ್ರ, ಯಾರೆಂದರೆ ಅವರು ದಾಟುವಂತಿರಲಿಲ್ಲ. ಒಲೆಗೆ ರಂಗೋಲಿ ಎಳೆದು, ಮೊದಲ ತುತ್ತನ್ನು ಬೆಂಕಿಗೆ ಹಾಕುತ್ತಿದ್ದ ನನ್ನಮ್ಮನಿಗೆ ಇದನ್ನು ಹೇಳಿದ್ದರೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

ಮಸಿ ಹಿಡಿದ ಕೆಟಲಿನಲ್ಲಿ ಕಾಫಿ ಉಕ್ಕಿತು. ದಪ್ಪ ಪುಡಿ, ಸೋಸುವುದಿಲ್ಲ. ಇಳಿಸಿಟ್ಟು ಚರಟ ತಳ ಹಿಡಿಯುವವರೆಗೆ ಕಾಯಬೇಕು (ನೋಡಿ, ಮತ್ತೆ ಕಾಯು). ಬರ್ಚ್ ಮರದ ಗಂಟಿನಲ್ಲಿ ಕೆತ್ತಿದ ‘ಕುಕ್ಸ’ ಎಂಬ ಬಟ್ಟಲಿಗೆ ಬಗ್ಗಿಸಿ, ಒಳಗೆ ಒಂದು ತುಂಡು ಗಿಣ್ಣಿನಂಥ ಚೀಸ್ ಹಾಕಿ ಕೊಟ್ಟರು. ಕಾಫಿಯಲ್ಲಿ ಚೀಸ್ ಎಂದು ಮೂಗು ಮುರಿದವನು ಎರಡನೇ ಬಟ್ಟಲು ಕೇಳಿ ಕುಡಿದೆ. ಪಕ್ಕದಲ್ಲಿ ಹಲಗೆಗೆ ಮೊಳೆ ಹೊಡೆದು ಉರಿಗೆ ಮುಖ ಮಾಡಿ ನಿಲ್ಲಿಸಿದ್ದ ‘ಸೀಕ’ ಮೀನು ಬೇಯುತ್ತಿತ್ತು. ನಾನು ತಿನ್ನುವುದಿಲ್ಲ, ಹುಡುಗ ತಿಂದ. ‘ಕಾಲೆವಾಲ’ ಮಹಾಕಾವ್ಯದಲ್ಲಿ ಆಕಾಶದಿಂದ ಜಾರಿದ ಬೆಂಕಿಯ ಕಿಡಿ ಕೆರೆಗೆ ಬಿದ್ದಾಗ ಮೊದಲು ನುಂಗಿದ್ದು ಇದೇ ಜಾತಿಯ ಮೀನು. ಅಂದು ಬೆಂಕಿಯನ್ನು ನುಂಗಿದ್ದು ಇಂದು ಬೆಂಕಿಗೆ ಮೈ ಕಾಯಿಸುತ್ತ ನಿಂತಿತ್ತು.

ಹತ್ತು ಗಂಟೆ ಹೊತ್ತಿಗೆ ಕೆರೆಯ ಮೇಲೆ ಹಸಿರು ಪರದೆಯೊಂದು ಅಲ್ಲಾಡಿತು. ಧ್ರುವಪ್ರಭೆ. ಫಿನ್ನಿಶ್‌ನಲ್ಲಿ ‘ರೆವೊನ್‌ತುಲೆತ್’, ನರಿಯ ಬೆಂಕಿಗಳು. ಬೆಟ್ಟದ ಮೇಲೆ ಓಡುವ ನರಿಯ ಬಾಲ ಹಿಮಕ್ಕೆ ತಾಗಿ ಸಿಡಿದ ಕಿಡಿ ಎಂದು ಕಥೆ. ಜರ್ಮನ್ ದಂಪತಿ ಕ್ಯಾಮೆರಾ ಹಿಡಿದು ದಡಕ್ಕೆ ಓಡಿದರು. ಹಿರಿಯರು ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಸೌದೆಯ ತುದಿಯನ್ನು ಒಳಕ್ಕೆ ನೂಕಿದರು.

ಹೊರಡುವ ಮುನ್ನ ಕೆರೆಯಿಂದ ಮೂರು ಸಲ ನೀರು ತಂದು ಸುರಿದರು. ಕೋಲಿನಿಂದ ಬೂದಿ ಕೆದಕಿ, ಅಂಗೈ ಇಟ್ಟು ನೋಡಿ, ಮತ್ತೊಮ್ಮೆ ಸುರಿದರು. ಆಮೇಲೆ ಕೊಡಲಿಯನ್ನು ನನ್ನ ಕೈಗೆ ಕೊಟ್ಟು ಸೌದೆ ಕೊಟ್ಟಿಗೆಯ ಕಡೆ ಬೆರಳು ತೋರಿಸಿದರು.

ಹೋಗುವುದಿದ್ದರೆ ಸೆಪ್ಟೆಂಬರಿನಲ್ಲಿ ಹೋಗಿ. ಅಲ್ಲಿನ ಕಾಡಿನಲ್ಲಿ ಯಾರು ಬೇಕಾದರೂ ನಡೆಯಬಹುದು, ಹಣ್ಣು ಕೀಳಬಹುದು, ಆದರೆ ಬೆಂಕಿ ಹಾಕುವುದು ಆ ಹಕ್ಕಿನಲ್ಲಿ ಸೇರಿಲ್ಲ. ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಹಾಕಿ, ಕಾಡ್ಗಿಚ್ಚಿನ ಎಚ್ಚರಿಕೆ ಇದ್ದ ದಿನ ಬಯಲಲ್ಲಿ ಬೆಂಕಿಯೇ ಬೇಡ. ನೀವು ಉರಿಸಿದಷ್ಟು ಸೌದೆಯನ್ನು ಮುಂದೆ ಬರುವವರಿಗೆಂದು ಸೀಳಿಟ್ಟು ಬನ್ನಿ.