ಚಿಕ್ಕಪ್ಪನ ಜೊತೆ ನೋಡಿದ ಮೂರು ನಾಟಕಗಳು

ಈ ಸಲದ ಗೋಡೆ ಪತ್ರಿಕೆಗೆ ಪ್ರವಾಸದ ಬಗ್ಗೆ ಬರೆಯಿರಿ ಎಂದು ಕನ್ನಡ ಮಾಸ್ಟ್ರು ಹೇಳಿದ್ದರು. ನಾನು ಪ್ರವಾಸ ಅಂತ ಎಲ್ಲಿಗೂ ಹೋಗಲಿಲ್ಲ. ರಜೆಯಲ್ಲಿ ಮಂಗಳೂರಿನ ಚಿಕ್ಕಪ್ಪನ ಮನೆಗೆ ಹೋದದ್ದು ಮಾತ್ರ. ಅಲ್ಲಿ ಮೂರು ನಾಟಕ ನೋಡಿದೆ. ಅದನ್ನೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಗುರುಗಳು ಕ್ಷಮಿಸಬೇಕು.

ಚಿಕ್ಕಪ್ಪ ರಥಬೀದಿಯ ಹತ್ತಿರ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವುದು. ನಾಟಕದವರ ಹ್ಯಾಂಡ್‌ಬಿಲ್ಲು, ಟಿಕೇಟು ಎಲ್ಲ ಅಲ್ಲಿ ಅಚ್ಚಾಗುತ್ತದೆ. ಹಾಗಾಗಿ ಅವರ ಕಿಸೆಯಲ್ಲಿ ಒಂದೆರಡು ಪಾಸು ಇದ್ದೇ ಇರುತ್ತದೆ. ಅವರಿಗೆ ಮಾತು ತಡೆಯುತ್ತದೆ, ನಮ್ಮ ಊರಿನವರಿಗೆಲ್ಲ ಅದು ಗೊತ್ತುಂಟು. ಅವರು ಹೇಳಿದ್ದನ್ನು ಅಕ್ಷರ ಎರಡೆರಡು ಸಲ ಹಾಕಿ ನಾನಿಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮೊದಲು ನೋಡಿದ್ದು 'ಶಿವದೂತ ಗುಳಿಗೆ'. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕ, 2020ರಲ್ಲಿ ತುಳುವಿನಲ್ಲಿ ಶುರುವಾದದ್ದು, ಆಮೇಲೆ ಕನ್ನಡದಲ್ಲೂ ಆಡಿದರು. ಇದರಲ್ಲಿ ಗುಳಿಗನ ವೇಷ ಮಾಡಿ ಹೆಸರಾದ ಸ್ವರಾಜ್ ಶೆಟ್ಟಿಯವರೇ 2022ರ 'ಕಾಂತಾರ' ಸಿನಿಮಾದ ಗುರುವ. ಕಥೆ ನಮ್ಮ ಅಜ್ಜಿಯರು ಹೇಳುವುದೇ. ಶಿವನ ಭಸ್ಮದಲ್ಲಿ ಒಂದು ಕಲ್ಲು ಸಿಕ್ಕುತ್ತದೆ, ಶಿವ ಅದನ್ನು ಬಿಸಾಡುತ್ತಾನೆ, ಅದರಿಂದ ಗುಳಿಗ ಹುಟ್ಟುತ್ತಾನೆ. ಹುಟ್ಟಿದವನಿಗೆ ಹಸಿವೋ ಹಸಿವು. ಎಷ್ಟು ತಿಂದರೂ ಸಾಲುವುದಿಲ್ಲ, ಕಡೆಗೆ ವಿಷ್ಣು ತನ್ನ ಕಿರುಬೆರಳನ್ನೇ ಕೊಡಬೇಕಾಗುತ್ತದೆ.

ಬೆಳಕು, ಹೊಗೆ, ಚೆಂಡೆಯ ಶಬ್ದ ಎಲ್ಲ ಸೇರಿ ನನಗೆ ಎದೆ ಡವಡವ ಅಂತಿತ್ತು. ಗುಳಿಗ ಬಂದಾಗ ಹುಡುಗರು ಸಿಳ್ಳೆ ಹಾಕಿದರು. ಎದುರು ಸಾಲಿನ ಒಬ್ಬರು ಅಜ್ಜಿ ಎದ್ದು ನಿಂತು ಕೈ ಮುಗಿದರು. ನಾನು ಸಿಳ್ಳೆ ಹಾಕುವುದಾ ಕೈ ಮುಗಿಯುವುದಾ ಎಂದು ಗೊತ್ತಾಗದೆ ಸುಮ್ಮನೆ ಕೂತೆ. ನಮ್ಮ ಮನೆಯ ಹಿಂದೆ ಗುಳಿಗನ ಕಲ್ಲುಂಟು, ಅದರ ಎದುರು ನಾವು ಚಪ್ಪಲಿ ಹಾಕಿ ನಡೆಯುವುದಿಲ್ಲ. ಅವನನ್ನು ವೇದಿಕೆಯಲ್ಲಿ ಕಂಡು ಚಪ್ಪಾಳೆ ತಟ್ಟಿದರೆ ಏನಾದರೂ ಆಗ್ತದಾ ಎಂದು ಚಿಕ್ಕಪ್ಪನನ್ನು ಕೇಳಿದೆ. ಅವರು ನಕ್ಕರು, ಉತ್ತರ ಹೇಳಲಿಲ್ಲ.

ಎರಡನೆಯದು ಹೆಗ್ಗೋಡಿನ ನೀನಾಸಂ ತಿರುಗಾಟದವರದ್ದು. ಕೆ. ವಿ. ಸುಬ್ಬಣ್ಣನವರಿದ್ದಾಗ 1985ರಲ್ಲಿ ಶುರುವಾದ ತಿರುಗಾಟ ಇದು. ಪ್ರತಿ ವರ್ಷ ಹೊಸ ನಾಟಕ ಕಟ್ಟಿಕೊಂಡು ಊರೂರು ಹೋಗುತ್ತಾರೆ. ಇದರಲ್ಲಿ ಗುಳಿಗೆಯ ಹಾಗೆ ದೊಡ್ಡ ಸೆಟ್ಟಿಂಗ್ ಇಲ್ಲ. ಅರಮನೆ ಎಂದರೆ ಒಂದು ಬೆಂಚು. ಈಗ ರಾಜನಾದವನೇ ಸ್ವಲ್ಪ ಹೊತ್ತಿನಲ್ಲಿ ಶಾಲು ಬದಲಿಸಿ ಸೇವಕನಾಗಿ ಬರುತ್ತಾನೆ. ಹಾರ್ಮೋನಿಯಂ ಬದಿಯಲ್ಲೇ ಉಂಟು, ಹಾಡು ನಟರೇ ಹಾಡುವುದು. ಸತ್ಯ ಹೇಳಬೇಕೆಂದರೆ ಮೊದಲ ಅರ್ಧ ಗಂಟೆ ನನಗೆ ಬೋರಾಯಿತು, ಮಾತು ಸ್ವಲ್ಪ ಪುಸ್ತಕದ ಕನ್ನಡ. ಆಮೇಲೆ ಹಾಡು ಶುರುವಾದ ಮೇಲೆ ಹೊತ್ತು ಹೋದದ್ದು ಗೊತ್ತಾಗಲಿಲ್ಲ.

ವಾಪಸ್ ಬರುವಾಗ ಚಿಕ್ಕಪ್ಪ ಬಿ. ವಿ. ಕಾರಂತರ ವಿಷಯ ಹೇಳಿದರು. ನಾಟಕಕ್ಕೆ ಹೀಗೆಲ್ಲ ಹಾಡು ಕಟ್ಟಿದ ಕಾರಂತರು ನಮ್ಮ ಬಂಟ್ವಾಳ ತಾಲೂಕಿನ ಮಂಚಿಯವರು, 1929ರಲ್ಲಿ ಹುಟ್ಟಿದ್ದು. ಶಾಲೆಯಲ್ಲಿ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ವೇಷ ಹಾಕಿದ ಹುಡುಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪೆನಿ ಸೇರಿದನಂತೆ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕನಾದ, 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನೂ ಕಟ್ಟಿದ. (ಇದನ್ನು ಓದಿ ಯಾರೂ ಮನೆ ಬಿಟ್ಟು ಓಡಬೇಡಿ, ಹೆಡ್ಮಾಸ್ಟ್ರು ನನ್ನನ್ನು ಹಿಡಿದುಕೊಳ್ತಾರೆ.)

ಇಷ್ಟು ಹೇಳುವಷ್ಟರಲ್ಲಿ ನಮ್ಮ ಸ್ಟಾಪು ದಾಟಿಹೋಗಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆಯುವಾಗ ಚಿಕ್ಕಪ್ಪ ಆ ನಾಟಕದ ಒಂದು ಹಾಡನ್ನು ಹಾಡಿದರು. ಒಂದು ಕಡೆಯೂ ತಡೆಯಲಿಲ್ಲ! ನಾನು ರಸ್ತೆಯಲ್ಲೇ ನಿಂತುಬಿಟ್ಟೆ. "ಹಾಡುವಾಗ ಬರುವುದಿಲ್ಲ ಮಾರಾಯ, ಮಾತಾಡುವಾಗ ಮಾತ್ರ" ಅಂದರು. ಅದನ್ನು ಹೇಳುವಾಗ ಪುನಃ ತಡೆಯಿತು. ಹುಟ್ಟಿದಂದಿನಿಂದ ನೋಡಿದ ಚಿಕ್ಕಪ್ಪ, ನನಗೆ ಇದು ಗೊತ್ತೇ ಇರಲಿಲ್ಲ.

ಮೂರನೆಯದು ಟೌನ್‌ಹಾಲಿನಲ್ಲಿ, ಒಂದು ನಗೆ ನಾಟಕ. ನಾಟಕದ ಹೆಸರನ್ನೂ ತಂಡದ ಹೆಸರನ್ನೂ ಬರೆಯುವುದಿಲ್ಲ. ನೆಹರೂ ಮೈದಾನದ ಹತ್ತಿರ ಇರುವ ಈ ಹಾಲಿನ ಪೂರ್ತಿ ಹೆಸರು ಕುದ್ಮುಲ್ ರಂಗರಾವ್ ಪುರಭವನ. ನಾಟಕ ಶುರುವಾಗುವ ಮೊದಲು ಕುದ್ಮುಲ್ ಯಾರು ಎಂದು ಕೇಳಿದೆ. 1859ರಲ್ಲಿ ಹುಟ್ಟಿ 1928ರಲ್ಲಿ ತೀರಿಕೊಂಡವರು, ದಲಿತರ ಮಕ್ಕಳನ್ನು ಯಾರೂ ಹತ್ತಿರ ಸೇರಿಸದ ಕಾಲದಲ್ಲಿ ಮಂಗಳೂರಿನಲ್ಲಿ ಅವರಿಗಾಗಿ ಶಾಲೆ ತೆರೆದವರು ಎಂದು ಚಿಕ್ಕಪ್ಪ ಹೇಳಿದರು. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಕೆಲಸಕ್ಕೆ ಸೇರಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂದು ಅವರಿಗೆ ಆಸೆ ಇತ್ತಂತೆ. ಅಷ್ಟರಲ್ಲಿ ಬೆಲ್ಲಾಯಿತು.

ನಾಟಕದಲ್ಲಿ ಒಬ್ಬ ಕೆಲಸದವ. ಅವನು ಕಪ್ಪು ಎಂದು ಒಂದು ಜೋಕು, ಅವನು ತೊದಲುತ್ತಾನೆ ಎಂದು ಹತ್ತು ಜೋಕು. ಅವನು ಬಾಯಿ ತೆರೆದ ಕೂಡಲೇ ಹಾಲಿಗೆ ಹಾಲೇ ನಗುತ್ತಿತ್ತು. ನಾನೂ ನಕ್ಕೆ. ಸುಳ್ಳು ಹೇಳುವುದಿಲ್ಲ, ಜೋರಾಗಿಯೇ ನಕ್ಕೆ. ನಗುತ್ತಾ ಚಿಕ್ಕಪ್ಪನ ಕಡೆ ತಿರುಗಿದೆ. ಅವರೂ ನಗುತ್ತಿದ್ದರು, ಆದರೆ ಬಾಯಿಯಲ್ಲಿ ಮಾತ್ರ. ಕೈಯಲ್ಲಿ ಪಾಸನ್ನು ಮಡಚಿ ಮಡಚಿ ಗುಳಿಗೆಯಷ್ಟು ಸಣ್ಣದು ಮಾಡಿದ್ದರು. ಅವರೇ ಬೈಂಡಿಂಗ್ ಮಾಡಿದ ಟಿಕೇಟು ಪುಸ್ತಕದ ಪಾಸು.

ಆಗ ನನಗೆ ನಮ್ಮ ಕಳೆದ ವರ್ಷದ ಸ್ಕೂಲ್ ಡೇ ನೆನಪಾಯಿತು. ನಿಮಗೂ ನೆನಪಿರಬಹುದು. ನಾನು ಕೆಲಸದ ಬಾಬುವಿನ ಪಾತ್ರ ಮಾಡಿದ್ದೆ. ತೊದಲುವುದು ಬರೆದ ನಾಟಕದಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದು. ಯಾರನ್ನು ನೋಡಿ ಕಲಿತದ್ದು ಎಂದು ಬೇರೆ ಹೇಳಬೇಕಾ? ಕಣ್ಣು ಮುಚ್ಚುವುದು, ಕತ್ತು ಬಲಕ್ಕೆ ವಾಲಿಸುವುದು ಎಲ್ಲ ಸರಿಯಾಗಿ ಮಾಡಿದ್ದೆ. ಸ್ಟೀಲಿನ ಬಟ್ಟಲು ಬಹುಮಾನ ಬಂತು. ಚಿಕ್ಕಪ್ಪ ಆ ದಿನ ಎರಡನೇ ಸಾಲಿನಲ್ಲಿ ಕೂತಿದ್ದರು.

ಇಂಟರ್ವಲ್ಲಿನಲ್ಲಿ ಹೊರಗೆ ಗೋಳಿಬಜೆ ತೆಗೆಸಿಕೊಟ್ಟರು. ನನಗೆ ಗಂಟಲಿನಲ್ಲಿ ಇಳಿಯಲಿಲ್ಲ. "ಚಿಕ್ಕಪ್ಪ, ಕಳೆದ ವರ್ಷ ಸ್ಕೂಲ್ ಡೇಗೆ ನಾನು ಮಾಡಿದ್ದು..." ಅಂದೆ. ಮುಂದೆ ಹೇಳಲಿಕ್ಕೆ ಆಗಲಿಲ್ಲ. ಅವರು ಹೇಳಿದರು: "ನೀನು ಚಂದ ಮಾಡಿದ್ದಿ. ನಾನು ಹಾಗೆಯೇ ಅಲ್ವಾ ಮಾತಾಡುವುದು." ಅಷ್ಟು ಹೇಳಲಿಕ್ಕೆ ಅವರಿಗೆ ತುಂಬ ಹೊತ್ತು ಬೇಕಾಯಿತು. ಬೇರೆ ದಿನವಾದರೆ ಅರ್ಧದಲ್ಲಿ ನಾನೇ ಮಾತು ಮುಗಿಸಿಕೊಡುತ್ತಿದ್ದೆ, ಮನೆಯಲ್ಲಿ ಎಲ್ಲರೂ ಹಾಗೇ ಮಾಡುವುದು. ಆವತ್ತು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

ಊರಿಗೆ ಬಂದ ಮೇಲೂ ಅದೇ ಯೋಚನೆ. ನಗಿಸುವುದು ತಪ್ಪಾ? ಹಾಗೂ ಅಲ್ಲ. ನಮ್ಮ ಗದ್ದೆಯಲ್ಲಿ ನಳ ದಮಯಂತಿ ಬಯಲಾಟ ನೋಡಿದವರಿಗೆ ಬಾಹುಕ ನೆನಪಿರಬೇಕು. ಕಾರ್ಕೋಟಕ ಕಚ್ಚಿ ನಳ ಮಹಾರಾಜನ ರೂಪವೇ ಕೆಟ್ಟು ಬಾಹುಕನಾಗುತ್ತಾನೆ. ಆ ವೇಷ ಹಾಸ್ಯಗಾರರೇ ಮಾಡುವುದು. ಅವನ ನಡಿಗೆ ನೋಡಿ ನಾವು ನಗುತ್ತೇವೆ, ಆದರೆ ಒಳಗಿರುವುದು ನಳ ಎಂದು ನಮಗೆಲ್ಲ ಗೊತ್ತುಂಟು. ದಮಯಂತಿ ಅವನನ್ನು ಮಾತಾಡಿಸುವಾಗ ನಮ್ಮ ಅಮ್ಮ ಸೆರಗಿನಲ್ಲಿ ಕಣ್ಣು ಒರಸಿಕೊಂಡದ್ದನ್ನು ನಾನು ನೋಡಿದ್ದೇನೆ. ಟೌನ್‌ಹಾಲಿನ ಆ ಕೆಲಸದವನ ಒಳಗೆ ಯಾರಿದ್ದಾನೆ ಎಂದು ನಾಟಕ ಮುಗಿಯುವವರೆಗೂ ಯಾರೂ ಹೇಳಲಿಲ್ಲ. ಅವನ ಹೆಸರು ಕೂಡ ನನಗೆ ನೆನಪಿಲ್ಲ.

ಈ ವರ್ಷವೂ ಬಾಬು ನನಗೇ ಸಿಕ್ಕಿದ್ದಾನೆ. ತೊದಲುವುದನ್ನು ಬಿಡುತ್ತೇನೆ ಎಂದು ಮಾಸ್ಟ್ರ ಹತ್ತಿರ ಹೇಳಿದೆ. "ಬಿಟ್ಟರೆ ಜನ ನಗ್ತಾರೇನೋ?" ಎಂದು ಕೇಳಿದರು. ಗೊತ್ತಿಲ್ಲ ಸಾರ್ ಎಂದೆ. ಈಗ ಒಂದು ಉಪಾಯ ಮಾಡಿದ್ದೇವೆ. ಧಣಿಯ ಲೆಕ್ಕ ಓದುವಾಗ ಬಾಬು ತನಗೆ ಬರಬೇಕಾದ ಕೂಲಿಯನ್ನೂ ನಡುವೆ ಸೇರಿಸಿ ಓದುತ್ತಾನೆ. ಧಣಿ "ಎಂತ ಹೇಳಿದಿ?" ಎಂದು ಕೇಳಿದಾಗಲೆಲ್ಲ ಯಕ್ಷಗಾನದ ರಾಗದಲ್ಲಿ ಪುನಃ ಮೊದಲಿನಿಂದ ಶುರು ಮಾಡುತ್ತಾನೆ. ಪ್ರಾಕ್ಟೀಸಿನಲ್ಲಿ ಎರಡು ಕಡೆ ಎಲ್ಲರೂ ನಕ್ಕರು. ಒಂದು ಕಡೆ ಯಾರೂ ನಗಲಿಲ್ಲ, ಅದನ್ನು ಸರಿ ಮಾಡಬೇಕು. ರಾಗ ಸರಿ ಉಂಟಾ ಎಂದು ಚಿಕ್ಕಪ್ಪನಿಗೆ ಫೋನಿನಲ್ಲಿ ಹಾಡಿ ತೋರಿಸಿದೆ. ಕೊನೆಯ ಸಾಲು ಎಳೆದದ್ದು ಜಾಸ್ತಿಯಾಯಿತಂತೆ, ಅವರೇ ಹಾಡಿ ತಿದ್ದಿದರು. ಸ್ಕೂಲ್ ಡೇಯ ಹಿಂದಿನ ದಿನವೇ ಸಂಜೆಯ ಬಸ್ಸಿಗೆ ಬರುತ್ತಾರಂತೆ.