ರಾಗಿ ಕೂಳೆಯ ಮೇಲೆ

ಗೊರೂರಿನ ದಾರಿಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಸೈಕಲ್ಲಿನ ಹಿಂಚಕ್ರ ಕಾಣುತ್ತಿತ್ತು, ತುಳಿಯುವವರು ಕಾಣುತ್ತಿರಲಿಲ್ಲ. ನಾವು ಒಂಬತ್ತು ಜನ. ಧನುರ್ಮಾಸದ ಚಳಿಯಲ್ಲಿ ಹಾಸನ ಬಿಟ್ಟು ಗೊರೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಸುತ್ತಿ ಮೂರನೆಯ ದಿನ ಮನೆ ಸೇರುವುದೆಂದು ಮಾತಾಗಿತ್ತು. ಹಕ್ಕಿ ನೋಡಲು ಹೊರಟವರಿಗೆ ಮಂಜು ಅಡ್ಡಿಯೆನಿಸಬಹುದು. ಆದರೆ ಆ ಬೆಳಗಿನ ಮೊದಲ ಹಕ್ಕಿ ಸಿಕ್ಕಿದ್ದೇ ಕಿವಿಗೆ. ಬೇಲಿಯೊಳಗಿಂದ ಯಾರೋ ನಾಲಿಗೆ ಲೊಚಗುಟ್ಟಿದ ಹಾಗೆ 'ಚಕ್... ಚಕ್' ಎಂಬ ಸದ್ದು. ಎಲ್ಲರೂ ಕಾಲೂರಿ ನಿಂತೆವು. ಬ್ಲೈತನ ಉಲಿಯಕ್ಕಿ. ಹತ್ತು ಹನ್ನೆರಡು ಗ್ರಾಂ ತೂಗುವ, ಒಣಗಿದೆಲೆ ಬಣ್ಣದ ಪುಟ್ಟ ಜೀವ. ರಷ್ಯಾ, ಫಿನ್‌ಲ್ಯಾಂಡುಗಳ ಪೊದೆಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ನಮ್ಮ ಬೇಲಿಸಾಲಿಗೆ ಬರುತ್ತದೆ. ಮೋಟರ್ ಬೈಕಿನಲ್ಲಿ ಈ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ, ಈ ಸದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

ಸೈಕಲ್ಲಿನ ಮೇಲೆ ನನಗೆ ಇರುವ ಪ್ರೀತಿಗೆ ಇದೊಂದೇ ಕಾರಣ ಸಾಕು. ನಡೆದು ಹೋದರೆ ಒಂದೂರಿನ ಹೊಲ ಮುಗಿಯುವುದರೊಳಗೆ ಬಿಸಿಲೇರುತ್ತದೆ; ಕಾರಿನಲ್ಲಿ ಹೋದರೆ ನಾಲ್ಕು ತಾಲ್ಲೂಕು ಮುಗಿದರೂ ಒಂದು ಹೊಲ ಕಂಡಿರುವುದಿಲ್ಲ. ಸೈಕಲ್ಲಿನ ಮೇಲೆ ಕೂತವರ ಕಣ್ಣು ಬೇಲಿಗಿಂತ ಒಂದು ಗೇಣು ಎತ್ತರದಲ್ಲಿರುತ್ತದೆ. ಕೊಯ್ದ ರಾಗಿಯ ಕೂಳೆ, ಅಂಚಿನ ಅವರೆ ಸಾಲು, ಆಚೆಯ ಬದು, ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಅವರೆಯ ಸೊಗಡು ಮೂಗಿಗೆ ಬಂದಾಗಲೇ ಬ್ರೇಕ್ ಹಿಡಿದರೆ ಆಯಿತು.

ಗೊರೂರಿಗೆ ಬರುವ ಹೊತ್ತಿಗೆ ಮಂಜು ಹರಿದಿತ್ತು. ಯಗಚಿ ಬಂದು ಹೇಮಾವತಿಯನ್ನು ಕೂಡಿಕೊಳ್ಳುವ ಊರಿದು. ಹಳ್ಳಿಯ ಬದುಕನ್ನೇ ಪ್ರಬಂಧವಾಗಿ ಬರೆದ ರಾಮಸ್ವಾಮಿ ಅಯ್ಯಂಗಾರರ ಊರೂ ಹೌದು. 1979ರಲ್ಲಿ ಇಲ್ಲಿ ಅಣೆಕಟ್ಟು ಮುಗಿದ ಮೇಲೆ ನಾಲೆಯ ನೀರು ಹರಿದಲ್ಲೆಲ್ಲ ಬೆಳೆ ಬದಲಾಯಿತು. ಬೆಳೆ ಬದಲಾದಲ್ಲಿ ಹಕ್ಕಿಯೂ ಬದಲಾಗುತ್ತದೆ ಎನ್ನುವುದು ನಮ್ಮ ದಾರಿಯುದ್ದಕ್ಕೂ ಕಾಣುತ್ತಲೇ ಹೋಯಿತು.

ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಹೊಲಗಳು. ಸೊಪ್ಪು ಮುರಿದು, ಬ್ಯಾರನ್ನಿನಲ್ಲಿ ಹದ ಮಾಡಿ, ರಾಮನಾಥಪುರದ ಹರಾಜು ಕಟ್ಟೆಗೆ ಸಾಗಿಸುವ ಕಾಲ ಅದು. ಕಡ್ಡಿ ಕಿತ್ತ ಹೊಲವೊಂದನ್ನು ಟ್ರಾಕ್ಟರ್ ಉಳುತ್ತಿತ್ತು. ಅದರ ಹಿಂದೆ, ಕೆಂಪು ಮಣ್ಣು ಮಗುಚಿದಂತೆಲ್ಲ, ಇಪ್ಪತ್ತು ಮೂವತ್ತು ಹಳದಿ ಕುಂಡೆಕುಸ್ಕಗಳು ಓಡುತ್ತಿದ್ದವು. ಎರಡು ಹೆಜ್ಜೆ ಓಟ, ಒಂದು ಹುಳು, ಬಾಲದ ಎರಡು ಕುಣಿತ. ಟ್ರಾಕ್ಟರ್ ತಿರುಗಿದರೆ ಅವೂ ತಿರುಗುತ್ತಿದ್ದವು. ಚಾಲಕ ಹುಡುಗ ನಮ್ಮನ್ನು ನೋಡಿ ಎಂಜಿನ್ ನಿಲ್ಲಿಸಿದ. ಹಕ್ಕಿಗಳೂ ನಿಂತವು, ಅವನತ್ತ ನೋಡಿದವು ಎಂದೇ ನನಗನಿಸಿತು. "ದಿನಾ ಬತ್ತವೆ ಸಾರ್, ನಾನಿಲ್ದಿದ್ರೆ ಇವಕ್ಕೆ ಊಟ ಇಲ್ಲ" ಎಂದ. ಆ ಮಾತಿನಲ್ಲಿ ಹೆಮ್ಮೆಯಿತ್ತು.

ಹೊಳೆನರಸೀಪುರದ ಗದ್ದೆ ಬಯಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನೀರು ನಿಂತ ಮಡಿಗಳಲ್ಲಿ ಗೊರವಗಳು ಕೆಸರು ಕೆದಕುತ್ತಿದ್ದವು, ತಂತಿಯ ಮೇಲೆ ಕವಲುತೋಕೆಗಳು ಸಾಲಾಗಿ ಕೂತಿದ್ದವು. ನಮ್ಮ ಗುಂಪಿನ ಹಿರಿಯರೊಬ್ಬರು, ಮೇಷ್ಟ್ರಾಗಿ ನಿವೃತ್ತರಾದವರು, ಒಂದು ಬೇಲಿಗೂಟ ತೋರಿಸಿ "ಇಲ್ಲೊಂದು ಕಂದು ಕಳಿಂಗ ಇರಬೇಕಲ್ಲ" ಎಂದರು. ಇತ್ತು. ಕಳೆದ ಚಳಿಗಾಲದಲ್ಲೂ ಅದೇ ಗೂಟದ ಮೇಲೆ ನೋಡಿದ್ದರಂತೆ.

ಆದರೆ ನಾನು ಹೊರಟಿದ್ದು ಚನ್ನರಾಯಪಟ್ಟಣದ ಕಡೆಯ ಗೋಮಾಳಗಳಿಗಾಗಿ. ಅಲ್ಲಿಗೆ ಹ್ಯಾರಿಯರ್‌ಗಳು ಬರುತ್ತವೆ; ಕನ್ನಡದ ಹಕ್ಕಿ ಪುಸ್ತಕಗಳಲ್ಲಿ ಸೆಳೆವ ಎಂಬ ಹೆಸರಿದೆ. ಮಾಂಟೆಗು ಹ್ಯಾರಿಯರ್ ಕಜಕಸ್ತಾನದ ಹುಲ್ಲುಬಯಲುಗಳಿಂದ ಬರುವ ಹಕ್ಕಿ. ಗಂಡು ಬೂದಿ ಬಣ್ಣ, ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿ ತೆಗೆದ ಹಾಗೆ. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಉಳಿದ ಹದ್ದುಗಳಂತೆ ಮುಗಿಲಲ್ಲಿ ಸುತ್ತು ಹಾಕದೆ, ಕೂಳೆಯಿಂದ ಒಂದಾಳೆತ್ತರದಲ್ಲಿ ತೇಲುತ್ತ, ಬದು ಬಂದಾಗ ಏರಿ, ಇಳಿದು, ಇಡೀ ಹೊಲವನ್ನು ಜರಡಿ ಹಿಡಿಯುತ್ತದೆ. ರಾತ್ರಿ ಮರವೇರುವುದಿಲ್ಲ. ಹತ್ತಾರು ಒಟ್ಟುಗೂಡಿ ಬಯಲಿನ ಹುಲ್ಲಿನಲ್ಲಿ, ನೆಲದ ಮೇಲೇ ಮಲಗುತ್ತವೆ.

ಹಾಗಾಗಿ ಅದಕ್ಕೆ ಬೇಕಾದ್ದು ಕಾಡಲ್ಲ, ಕೆರೆಯಲ್ಲ. ಮೊಳಕಾಲೆತ್ತರದ ಹುಲ್ಲಿರುವ ಬೀಳು. ಇಂಥ ನೆಲಕ್ಕೆ ಸರ್ಕಾರದ ಕಡತದಲ್ಲಿ ಬಹಳ ಕಡೆ 'ಬಂಜರು' ಎಂದು ಹೆಸರು. 2000ದಲ್ಲಿ ದೇಶದ ಬಂಜರು ಭೂಮಿಯ ಅಟ್ಲಾಸನ್ನೇ ಹೊರತಂದರು. ಬಂಜರೆಂದು ಬರೆದ ಮೇಲೆ ಅಲ್ಲಿ ನೆಡುತೋಪು ಬೆಳೆಸಬಹುದು, ಸೈಟು ಮಾಡಬಹುದು, ಯಾರೂ ಕೇಳುವುದಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ವರ್ಷಗಳಿಂದ ದೇಶದುದ್ದಕ್ಕೂ ಹ್ಯಾರಿಯರ್‌ಗಳು ತಂಗುವ ಬಯಲುಗಳಲ್ಲಿ ತಲೆ ಎಣಿಸುತ್ತಿದ್ದಾರೆ, ಎಣಿಕೆ ಇಳಿಯುತ್ತಿದೆ. ಹುಲಿಗೆ ಕಾಡು ಬಿಟ್ಟುಕೊಟ್ಟ ನಾವು, ಇಷ್ಟು ದೂರದಿಂದ ಬರುವ ಹಕ್ಕಿಗೆ ಊರ ಹೊರಗಿನ ನಾಲ್ಕು ಎಕರೆ ಹುಲ್ಲನ್ನು ಉಳಿಸಲಾರೆವೇ ಎಂದು ಕೇಳಿದರೆ ಅದು ದೊಡ್ಡ ಬೇಡಿಕೆಯಲ್ಲ.

ಎರಡನೆಯ ದಿನ ಸಂಜೆ ಐದೂವರೆಗೆ ಅಂಥದೊಂದು ಗೋಮಾಳದ ಅಂಚಿನಲ್ಲಿ ಸೈಕಲ್ ಮಲಗಿಸಿ ನಾವೂ ಕೂತೆವು. ಕುರಿ ಹಿಂಡಿನೊಡನೆ ಬಂದ ಅಜ್ಜ ಕಂಬಳಿ ಹೊದ್ದು ಪಕ್ಕದಲ್ಲಿ ನಿಂತ.

"ಏನ್ ಕಾಯ್ತಿದ್ದೀರಿ ಸ್ವಾಮಿ?"

"ಹದ್ದು ಬರುತ್ತವಂತೆ ಅಜ್ಜ, ಇಲ್ಲಿ ಮಲಗೋಕೆ."

"ಬತ್ತವೆ. ಮಿಡತೆ ತಿನ್ನೋ ಹದ್ದು. ಕೋಳಿಮರಿ ತಂಟೆಗೆ ಬರಕ್ಕಿಲ್ಲ. ರಾಗಿ ಕುಯ್ಯೋ ಹೊತ್ಗೆ ಬತ್ತವೆ, ಯುಗಾದಿ ಕಳುದ್ರೆ ಒಂದೂ ಇರಕ್ಕಿಲ್ಲ."

ನಾನು ಪುಸ್ತಕದಲ್ಲಿ ಓದಿ ತಿಳಿದದ್ದನ್ನು ಅಜ್ಜ ನೋಡಿಯೇ ಬಲ್ಲ. ಎಷ್ಟು ವರ್ಷದಿಂದ ನೋಡುತ್ತಿದ್ದೀರಿ ಎಂದೆ. ಬೆತ್ತಕ್ಕೆ ಗದ್ದವೂರಿ, "ನಮ್ಮಪ್ಪನ ಕೂಡೆ ಕುರಿ ಕಾಯೋ ಕಾಲ್ದಿಂದ. ಆಗ ಈ ಬಯಲು ಆ ತೋಟದ್ ಗಂಟ ಇತ್ತು" ಎಂದು ದೂರದ ತೆಂಗಿನ ಸಾಲಿನತ್ತ ಕೈ ಮಾಡಿದ.

ಸೂರ್ಯ ಮುಳುಗಿ ಬೆಳಕು ತೆಳುವಾದಾಗ ಮೊದಲನೆಯದು ಬಂತು, ಸದ್ದೇ ಇಲ್ಲದೆ. ಹುಲ್ಲಿನ ಮೇಲೆ ಎರಡು ಸುತ್ತು ತೇಲಿ, ರೆಕ್ಕೆ ಮೇಲೆತ್ತಿ, ಒಳಗಿಳಿಯಿತು. ಮತ್ತೊಂದು. ಆಮೇಲೆ ಮೂರು ಒಟ್ಟಿಗೆ. ಮೇಷ್ಟ್ರು ಪಿಸುಮಾತಿನಲ್ಲಿ ಎಣಿಸುತ್ತಿದ್ದರು, ಏಳಕ್ಕೆ ನಿಂತಿತು. ಕತ್ತಲಾದರೂ ಯಾರೂ ಏಳಲಿಲ್ಲ. ಅಜ್ಜ ನಾಲಿಗೆ ಲೊಟಕರಿಸಿ ಕುರಿಗಳನ್ನು ಎಬ್ಬಿಸಿದ. ಊರಿನ ದಾರಿ ಹುಲ್ಲಿನ ನಡುವೆಯೇ ನೇರವಾಗಿತ್ತು. ಆತ ಹಿಂಡನ್ನು ಬದುವಿನ ಆಚೆಗೆ ತಿರುಗಿಸಿ, ಬಯಲನ್ನು ಪೂರ್ತಿ ಬಳಸಿಕೊಂಡು ಹೊಡೆದುಕೊಂಡು ಹೋದ.