15 ಚುಕ್ಕಿ, 8ಕ್ಕೆ ನಿಲ್ಲಿಸಿ

“ಚಿತ್ರ ಬರೆಯೋದನ್ನ ಫೋನಿನಲ್ಲಿ ಕಲಿಸ್ತೀರಾ? ಅದು ಹೇಗ್ರೀ ಸಾಧ್ಯ? ಕೈ ಹಿಡಿದು ತಿದ್ದಿಸಬೇಕಲ್ವೇ?” ಎಂದು ನಮ್ಮ ಎದುರುಮನೆಯಾಕೆ ಮೊನ್ನೆಯೂ ಕೇಳಿದರು. ನೀವೂ ಹಾಗೇ ಅಂದುಕೊಳ್ಳುತ್ತಿರಬಹುದು. ಮೊದಮೊದಲು ನಾನೂ ಅಂದುಕೊಂಡಿದ್ದೆ.

ನಾನೇನು ಚಿತ್ರಕಲಾ ಶಾಲೆಯಲ್ಲಿ ಓದಿದವಳಲ್ಲ. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನು ಪಾಸು ಮಾಡಿದ್ದೆ, ಅಷ್ಟೇ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಬೆಂಗಳೂರಿನಲ್ಲಿರುವ ನಮ್ಮಕ್ಕ ಫೋನು ಮಾಡಿ, “ಮಗಳು ಮನೆಯಲ್ಲಿ ಕೂತು ತಲೆ ತಿನ್ನುತ್ತಿದ್ದಾಳೆ ಕಣೇ, ಚಿತ್ರ ಬರೆಯೋದನ್ನಾದರೂ ಹೇಳಿಕೊಡು” ಎಂದಳು. ಒಬ್ಬಳಿದ್ದದ್ದು ಅವಳ ಗೆಳತಿಯರೂ ಸೇರಿ ಐವರಾದರು. ಸಕಲೇಶಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ನಾದಿನಿ, “ಅತ್ತಿಗೆ, ನಮ್ಮ ಪಕ್ಕದ ಮನೆ ಹುಡುಗನನ್ನೂ ಸೇರಿಸಿಕೊಳ್ಳಿ, ಏಳನೇ ಕ್ಲಾಸು” ಎಂದಳು. ಹೀಗೆ ಆರು ಜನರ ವಾಟ್ಸಾಪ್ ಗುಂಪಾಯಿತು.

ಮೊದಲ ದಿನದ ಫಜೀತಿ ಕೇಳಬೇಡಿ. ಮಕ್ಕಳಿಗೆ ಕಂಡದ್ದು ನನ್ನ ಹಣೆ ಮತ್ತು ಮೇಲೆ ತಿರುಗುವ ಫ್ಯಾನು. ಕೇಳಿಸಿದ್ದು ಕುಕ್ಕರಿನ ಶಿಳ್ಳೆ. ಆಮೇಲೆ ಉಪಾಯ ಹೊಳೆಯಿತು. ಎರಡು ಅಕ್ಕಿ ಡಬ್ಬಗಳನ್ನು ಒಂದರ ಮೇಲೊಂದಿಟ್ಟು, ಫೋನಿನ ಕ್ಯಾಮೆರಾ ಅಂಚಿನಿಂದಾಚೆಗೆ ಬರುವಂತೆ ಮಲಗಿಸಿ, ಈ ತುದಿಗೆ ಅರ್ಧ ಕೆಜಿಯ ತೂಕದ ಕಲ್ಲು ಹೇರಿದೆ. ಕೆಳಗೆ ಕಾಗದ, ನನ್ನ ಕೈ, ಪೆನ್ಸಿಲು, ಎಲ್ಲವೂ ಚೆನ್ನಾಗಿ ಕಂಡವು.

ಆದರೆ ನಾನು ಬರೆದು ತೋರಿಸಿದ್ದನ್ನು ಮಕ್ಕಳು ನಕಲು ಮಾಡಿದರೇ ಹೊರತು ಕಣ್ಣು ಬಿಟ್ಟು ಏನನ್ನೂ ನೋಡಲಿಲ್ಲ. ಎಲ್ಲರ ಹಾಳೆಯಲ್ಲೂ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ತೆಂಗಿನ ಮರ! ಒಂದು ದಿನ, “ಎಲ್ಲರೂ ಅಡುಗೆಮನೆಯಿಂದ ಒಂದು ತಂಬಿಗೆ ತಂದು ನೆಲದ ಮೇಲಿಡಿ. ಬಾಯಿ ಯಾವ ಆಕಾರ?” ಎಂದೆ. “ರೌಂಡು” ಎಂದರು. “ಎರಡು ಹೆಜ್ಜೆ ಹಿಂದೆ ಹೋಗಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ.” ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಕ್ಕನ ಮಗಳು, “ಚಿಕ್ಕಮ್ಮಾ, ಮೊಟ್ಟೆ ಥರ ಕಾಣಿಸ್ತಿದೆ!” ಎಂದು ಕೂಗಿದಳು. ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹಳ್ಳಿಯ ಆ ಹುಡುಗ ರಾತ್ರಿ ಏಳರ ನಂತರ, ಅಪ್ಪ ಮನೆಗೆ ಬಂದ ಮೇಲೆ, ಅವರ ಫೋನಿನಿಂದ ಚಿತ್ರ ಕಳಿಸುತ್ತಿದ್ದ. ನೋಟ್‌ಬುಕ್ಕಿನ ಗೆರೆ ಹಾಳೆ, ಬಾಲ್‌ಪೆನ್ನು. ನಾನು ಆ ಫೋಟೋದ ಮೇಲೆ ಕೆಂಪು ಗೆರೆ ಎಳೆದು, “ಪೆನ್ನಿನಲ್ಲಿ ಬರೆಯಬಾರದು. ಗೆರೆ ಹಾಳೆ ಬೇಡ. ಪೆನ್ಸಿಲಿನಲ್ಲಿ ಮತ್ತೆ ಬರೆದು ಕಳಿಸು” ಎಂದು ಗುಂಪಿನಲ್ಲೇ, ಎಲ್ಲರಿಗೂ ಕಾಣುವಂತೆ ಹಾಕಿದೆ. ಮರುದಿನ ಅವನ ಚಿತ್ರ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಗಂಡುಹುಡುಗರ ಸೋಮಾರಿತನ ಎಂದುಕೊಂಡು ಸುಮ್ಮನಾದೆ.

ಹದಿನೈದು ದಿನದ ಮೇಲೆ ನಾದಿನಿ ಬೇರೇನೋ ಮಾತಿಗೆ ಫೋನು ಮಾಡಿದವಳು, “ಪಾಪ, ಆ ಹುಡುಗ ನಮ್ಮನೇಲಿ ಪೆನ್ಸಿಲ್ ಇದ್ಯಾ ಅಂತ ಕೇಳ್ಕೊಂಡು ಬಂದಿದ್ದ ಅತ್ತಿಗೆ. ಅಂಗಡಿ ಎಲ್ಲಿ ತೆಗೆದಿದೆ? ಈಗ ಅವರಪ್ಪನ ಫೋನೂ ಬಿದ್ದು ಒಡೆದುಹೋಯ್ತು, ಬಟನ್ ಫೋನ್ ಒಂದೇ ಇರೋದು” ಎಂದಳು. ಒಗ್ಗರಣೆ ಸೀದುಹೋದದ್ದೂ ನನಗೆ ತಿಳಿಯಲಿಲ್ಲ. ನನ್ನ ಮಕ್ಕಳಿಗೆ ಯಾರಾದರೂ ಹೀಗೆ ಮಾಡಿದ್ದರೆ ನಾನು ಬಿಡುತ್ತಿದ್ದೆನೇ?

ಅವತ್ತು ರಾತ್ರಿಯೇ ಫೋನು ಮಾಡಿದೆ. “ತಪ್ಪು ನಂದು ಕಣಪ್ಪಾ, ಇರೋದರಲ್ಲೇ ಬರಿ” ಎಂದೆ. “ಹೂಂ ಮಿಸ್” ಎಂದ. ಆದರೆ ಬಟನ್ ಫೋನಿನಲ್ಲಿ ನನ್ನ ಚಿತ್ರ ಅವನಿಗೆ ಕಾಣದು, ಅವನದು ನನಗೆ ಕಾಣದು. ಕಲಿಸುವುದು ಹೇಗೆ?

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವಾಗ ಥಟ್ಟನೆ ಹೊಳೆಯಿತು. ಈ ರಂಗೋಲಿಯನ್ನು ನನಗೆ ಯಾರು ಕೈ ಹಿಡಿದು ಕಲಿಸಿದರು? ಅಮ್ಮ ಒಂದಷ್ಟು ಕಲಿಸಿದಳು ನಿಜ. ಉಳಿದದ್ದೆಲ್ಲ ಇಂಥ ಪತ್ರಿಕೆಗಳ ಪುಟದಿಂದಲೇ ಅಲ್ಲವೇ? “15 ಚುಕ್ಕಿ, 8ಕ್ಕೆ ನಿಲ್ಲಿಸಿ, ಮಧ್ಯಚುಕ್ಕಿ” ಎಂದು ಒಂದು ಸಾಲು ಇದ್ದರೆ ಸಾಕು, ನಡುಸಾಲಿಗೆ 15, ಮೇಲಕ್ಕೂ ಕೆಳಕ್ಕೂ 14, 13 ಎಂದು ಒಂದೊಂದೇ ಕಡಿಮೆ ಮಾಡುತ್ತ 8ರವರೆಗೆ ಇಟ್ಟುಬಿಡುತ್ತೇವೆ. ದೂರದಿಂದ ಚಿತ್ರ ಕಲಿಯುವುದು ನಮ್ಮ ಹೆಣ್ಣುಮಕ್ಕಳಿಗೆ ಹಳೆಯ ಅಭ್ಯಾಸವೇ ಸರಿ!

ಸಂಜೆ ಅವನಿಗೆ ಹೇಳಿದೆ: “ಗೆರೆ ಹಾಳೆ ತೆಗೆದುಕೋ. ಅಡ್ಡಗೆರೆ ಆಗಲೇ ಇದೆ. ಎರಡೆರಡು ಗೆರೆ ಸೇರಿ ಒಂದು ಮನೆ. ಅಷ್ಟೇ ಅಗಲಕ್ಕೆ ಉದ್ದಗೆರೆ ಎಳಿ. ಮೇಲೆ ಅ, ಆ, ಇ, ಈ ಬರಿ. ಪಕ್ಕಕ್ಕೆ 1, 2, 3 ಹಾಕು.” ನಾನು ಬೇಡವೆಂದಿದ್ದ ಹಾಳೆಯೇ ಈಗ ಅವನ ಅರ್ಧ ಕೆಲಸ ಮುಗಿಸಿಕೊಟ್ಟಿತ್ತು. ನಾನೂ ಅಂಥದೇ ಹಾಳೆಯಲ್ಲಿ ಒಂದು ಹಸು ಬರೆದುಕೊಂಡು, “ಆ 2ರ ನಡುವಿನಿಂದ ಶುರು ಮಾಡು, ಈ 2ರವರೆಗೆ ಬೆನ್ನು, ನಡುವೆ ಸ್ವಲ್ಪ ತಗ್ಗಲಿ” ಎಂದು ಹೇಳುತ್ತ ಹೋದೆ. ವಾರಕ್ಕೆ ಎರಡು ಸಂಜೆ, ಇಪ್ಪತ್ತು ನಿಮಿಷ. ಕೆಲವು ದಿನ ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಅವನು ಹೇಳಿದ ನಾಯಿ ನನ್ನ ಕೈಯಲ್ಲಿ ಮೊಸಳೆಯಾಗಿ, ಇಬ್ಬರೂ ಬಿದ್ದೂ ಬಿದ್ದೂ ನಕ್ಕದ್ದುಂಟು.

2021ರ ದೀಪಾವಳಿಗೆ ನಾದಿನಿಯ ಮನೆಗೆ ಹೋದಾಗ ಅವನು ಆ ನೋಟ್‌ಬುಕ್ ತಂದು ತೋರಿಸಿದ. ಹಸು ಎದ್ದು ಬರುವ ಹಾಗಿತ್ತು. ಆದರೆ ಒಂದು ಕೊಂಬು ಉದ್ದ, ಒಂದು ಮೊಂಡು. “ಇದ್ಯಾಕೋ ಹೀಗೆ? ನಾನು ಎರಡೂ ಸಮ ಹೇಳಿದ್ದೆನಲ್ಲ?” ಎಂದೆ. “ನಮ್ಮನೆ ಹಸುದು ಹಂಗೇ ಇರೋದು ಮಿಸ್. ಕೊಟ್ಟಿಗೇಲಿ ನೋಡ್ಕಂಡು ಬಂದು ತಿದ್ದಿದೆ” ಎಂದ. ನಾನು ಕಲಿಸಬೇಕೆಂದಿದ್ದದ್ದು ಅದನ್ನೇ. ಈ ಸಲ ಕೆಂಪು ಗೆರೆ ಎಳೆಯುವ ಕೆಲಸ ಇರಲಿಲ್ಲ.

ಈಗಲೂ ಶನಿವಾರ, ಭಾನುವಾರ ಫೋನಿನಲ್ಲಿ ಪಾಠ ನಡೆದಿದೆ. ಹೊಸ ಮಗು ಸೇರಿದರೆ ಮೊದಲು ಕೇಳುವುದು, “ನಿನ್ನ ಹತ್ತಿರ ಏನೇನಿದೆ, ಪುಟ್ಟಾ?” ಬಣ್ಣದ ಪೆಟ್ಟಿಗೆ ಇಲ್ಲದಿದ್ದರೆ ಕಾಫಿ ಡಿಕಾಕ್ಷನ್ ಕಂದು ಬಣ್ಣವಾಗುತ್ತದೆ, ಅರಿಶಿನ ಹಳದಿಯಾಗುತ್ತದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಆರತಿ ನೀರಿನ ಕೆಂಪು. ಸುಣ್ಣವನ್ನು ಮಾತ್ರ ದೊಡ್ಡವರೇ ಬೆರೆಸಿಕೊಡಬೇಕು. ಪೆನ್ಸಿಲ್ ಇಲ್ಲವೆಂದರೆ ಒಲೆಯ ಇದ್ದಿಲು. ಚಿತ್ರದ ಫೋಟೋ ತೆಗೆಯುವಾಗ ಕಿಟಕಿಯ ಪಕ್ಕ ಹಾಳೆ ಇಟ್ಟು, ನಿಮ್ಮ ನೆರಳು ಬೀಳದಂತೆ ನಿಲ್ಲಿ. ಮಗುವಿನ ಚಿತ್ರ ತಿದ್ದುವುದಿದ್ದರೆ ಆ ಮಗುವಿಗೊಂದಕ್ಕೇ ಹೇಳಿ, ನಾಲ್ಕು ಜನರ ಮುಂದೆ ಬೇಡ.

ನಿಮಗೂ ರಂಗೋಲಿ ಬರುತ್ತದಲ್ಲವೇ? ಹಾಗಾದರೆ ದೂರದೂರಿನ ಅಣ್ಣನ ಮಗುವಿಗೋ ತಂಗಿಯ ಮಗುವಿಗೋ ಇವತ್ತೇ ಫೋನು ಮಾಡಿ, ಚುಕ್ಕಿ ಎಣಿಸಿ. ಗೆರೆ ತಾನಾಗಿ ಬರುತ್ತದೆ.